ದೊಡ್ಡ ಟ್ರೌಟ್ ಕೈತಪ್ಪುವುದೇಕೆ? ಸರೋವರ, ಹೊಳೆಗಳಲ್ಲಿ ಗಾಳ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾಳಕ್ಕೆ ಸಿಕ್ಕಿದ ದೊಡ್ಡ ಟ್ರೌಟ್ ದಡ ಸೇರುವ ಮೊದಲೇ ಹೋಗಿಬಿಟ್ಟರೆ ಹೆಚ್ಚಿನವರು ಮೀನಿನ ಬಲವನ್ನೋ ತಮ್ಮ ಅದೃಷ್ಟವನ್ನೋ ದೂರುತ್ತಾರೆ. ಕಾರಣ ಬಹುಪಾಲು ದಾರದ ತುದಿಯಲ್ಲೇ ಉಳಿದಿರುತ್ತದೆ. ಅದನ್ನು ನೋಡದೆ ಕತ್ತರಿಸಿ ಬಿಸಾಡಿ ಹೊಸ ಕೊಕ್ಕೆ ಕಟ್ಟಿದರೆ ಮುಂದಿನ ಮೀನೂ ಅದೇ ದಾರಿ ಹಿಡಿಯುತ್ತದೆ. ಕೆಳಗಿನ ಉತ್ತರಗಳು ಫ್ಲೈ (ಹುಳುವನ್ನೋ ಸಣ್ಣ ಮೀನನ್ನೋ ಹೋಲುವಂತೆ ಕೊಕ್ಕೆಗೆ ಕಟ್ಟಿದ ಹಗುರ ನಕಲಿ ಮೇವು) ಬೀಸುವ ಫ್ಲೈ ರಾಡ್ ಹಿಡಿದವರಿಗೂ ಸ್ಪಿನ್ನಿಂಗ್ ರಾಡ್ ಹಿಡಿದವರಿಗೂ ಅನ್ವಯಿಸುತ್ತವೆ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಬೇರೆಯಾಗಿ ಹೇಳಿದ್ದೇವೆ.

ಮೀನು ತಪ್ಪಿಸಿಕೊಂಡ ತಕ್ಷಣ ಮೊದಲು ಏನು ನೋಡಬೇಕು?

ದಾರದ ತುದಿ. ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳಿನ ನಡುವೆ ನಿಧಾನವಾಗಿ ಎಳೆದು ನೋಡಿ. ತುದಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿಕೊಂಡಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ಅದು ಕಟ್ಟುವಾಗ ಆದ ತಪ್ಪು. ತುದಿಯ ಹತ್ತಿರ 10–20 ಸೆಂ.ಮೀ. ಉದ್ದಕ್ಕೆ ದಾರ ಒರಟಾಗಿದ್ದು, ಬಿಳಿಚಿಕೊಂಡಂತೆ ಕಂಡರೆ ಬಂಡೆಗೋ ಮೀನಿನ ಹಲ್ಲಿಗೋ ಉಜ್ಜಿ ಸವೆದಿದೆ. ತುದಿ ಎಳೆದ ಪಾಕದಂತೆ ತೆಳ್ಳಗಾಗಿ ಮುಗಿದಿದ್ದರೆ ನೈಲಾನ್ ತನ್ನ ಮಿತಿ ಮೀರಿ ಹಿಗ್ಗಿ ಹರಿದಿದೆ ಎಂದರ್ಥ. ಅಂದರೆ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಲಕ್ಕೆ ಬಿಡಬೇಕೆಂದು ಹೊಂದಿಸುವ ರೀಲಿನ ತಡೆ) ಬಿಗಿಯಾಗಿತ್ತು ಅಥವಾ ದಾರ ಎಲ್ಲೋ ಸಿಕ್ಕಿಕೊಂಡಿತ್ತು. ಕೊಕ್ಕೆಯಿಂದ ದೂರ, ಲೀಡರಿನ (ಮುಖ್ಯ ದಾರಕ್ಕೂ ಕೊಕ್ಕೆಗೂ ನಡುವೆ ಕಟ್ಟುವ ದಾರದ) ನಡುಮಧ್ಯದಲ್ಲಿ ಮೊಟಕಾಗಿ ತುಂಡಾಗಿದ್ದರೆ ಅಲ್ಲೊಂದು ಸಣ್ಣ ಗಾಳಿಗಂಟು ಇದ್ದಿರಬೇಕು. ಬೀಸುವಾಗ ತಾನಾಗಿಯೇ ಬೀಳುವ ಆ ಒಂಟಿ ಗಂಟು ದಾರದ ಬಲವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ.

ಕೊಕ್ಕೆ ವಾಪಸ್ ಬಂದಿದ್ದರೆ ಅದನ್ನೂ ನೋಡಿ. ಬಾಗು ಬಿಚ್ಚಿಕೊಂಡು ನೇರವಾಗಿದ್ದರೆ ತಂತಿ ತೆಳುವಾಯಿತು. ಮೊನೆ ಮಡಚಿದ್ದರೆ ಅದು ಮೊದಲೇ ಕಲ್ಲಿಗೆ ತಾಗಿರಬಹುದು, ಇಲ್ಲವೇ ಮೂಳೆಗೆ ಬಡಿದಿರಬಹುದು. ಮೊನೆಯಲ್ಲಿ ಒಂದು ಹುರುಪೆ ಅಂಟಿಕೊಂಡಿದ್ದರೆ ಮೀನು ಬಾಯಲ್ಲಿ ಸಿಕ್ಕಿರಲೇ ಇಲ್ಲ, ಬೆನ್ನಿಗೋ ರೆಕ್ಕೆಯ ಬುಡಕ್ಕೋ ಚುಚ್ಚಿಕೊಂಡಿತ್ತು. ಅಂಥ ಮೀನು ಎಷ್ಟೇ ಚಿಕ್ಕದಿದ್ದರೂ ದೊಡ್ಡದರಂತೆ ಎಳೆಯುತ್ತದೆ, ಏಕೆಂದರೆ ಅದರ ತಲೆಯನ್ನು ತಿರುಗಿಸಲು ನಿಮಗೆ ಹಿಡಿತವೇ ಇರುವುದಿಲ್ಲ.

ಎಲ್ಲವೂ ಸರಿಯಾಗಿದೆ, ಕೊಕ್ಕೆಯೂ ಚೂಪಾಗಿದೆ. ಮತ್ತೆ ಏಕೆ ಕಳಚಿತು?

ಕೊಕ್ಕೆ ಸರಿಯಾದ ಜಾಗದಲ್ಲಿ ನೆಟ್ಟಿರಲಿಲ್ಲ, ಅಥವಾ ನೆಟ್ಟ ಜಾಗ ಅಗಲವಾಯಿತು. ಟ್ರೌಟಿನ ಬಾಯಲ್ಲಿ ಹಿಡಿತ ಎಲ್ಲ ಕಡೆ ಒಂದೇ ರೀತಿ ಇಲ್ಲ. ಮೇಲಂಗಳ ಗಟ್ಟಿ ಮೂಳೆ, ಅಲ್ಲಿ ಮೊನೆ ಜಾರುತ್ತದೆ. ತುಟಿಯ ಅಂಚು ಮತ್ತು ಮೇಲ್ದವಡೆಯ ಪಕ್ಕದ ತೆಳು ಪೊರೆ ಬೇಗ ಹರಿಯುತ್ತದೆ. ಎರಡು ದವಡೆ ಕೂಡುವ ಮೂಲೆಯಲ್ಲಿ ಮಾತ್ರ ಕೊಕ್ಕೆ ಕೊನೆಯತನಕ ನಿಲ್ಲುತ್ತದೆ. ಬ್ರೌನ್ ಟ್ರೌಟ್‌ನ ವಯಸ್ಸಾದ ಗಂಡಿನ ಕೆಳದವಡೆ ಮೊಟ್ಟೆ ಇಡಿಸುವ ಕಾಲಕ್ಕೆ ಕೊಕ್ಕಿನಂತೆ ಮೇಲಕ್ಕೆ ಬಾಗಿ ಇನ್ನಷ್ಟು ಗಡುಸಾಗುತ್ತದೆ.

ಮೀನು ತಲೆ ಒದರಿದಷ್ಟೂ ಕೊಕ್ಕೆ ಕೂತ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಮೊದಲ ನಿಮಿಷದಲ್ಲಿ ಬಿಗಿಯಾಗಿದ್ದ ತೂತು ಹತ್ತನೇ ನಿಮಿಷಕ್ಕೆ ಸಡಿಲವಾಗಿರುತ್ತದೆ. ಆಮೇಲೆ ಅರೆಕ್ಷಣ ದಾರ ಸಡಿಲಾದರೂ ಕೊಕ್ಕೆ ತಾನಾಗಿ ಉದುರುತ್ತದೆ. ಆಟವನ್ನು ಸುಮ್ಮನೆ ಉದ್ದ ಎಳೆಯಬಾರದು ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಕಚ್ಚಿದಾಗ ಯಾವಾಗ ಎಳೆಯಬೇಕು?

ಏನನ್ನು ಬಳಸುತ್ತಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ದೊಡ್ಡ ಟ್ರೌಟ್ ನಿಧಾನವಾಗಿ ಏಳುತ್ತದೆ, ಬಾಯಿ ಮುಚ್ಚಿ ತಲೆ ಕೆಳಗೆ ಮಾಡುತ್ತದೆ. ಮೂಗು ಕಂಡ ಕೂಡಲೇ ಎಳೆದರೆ ತೆರೆದ ಬಾಯಿಂದ ಫ್ಲೈಯನ್ನು ನೀವೇ ಕಿತ್ತುಕೊಳ್ಳುತ್ತೀರಿ. ತಲೆ ಮುಳುಗಿದ ಮೇಲೆ ರಾಡ್ ಎತ್ತಿ. ನೀರಿನೊಳಗೆ ಸಾಗುವ ನಿಂಫ್ ಎಂಬ ಫ್ಲೈಗೆ ಇದರ ವಿರುದ್ಧ: ಮೀನು ಅದನ್ನು ಕಚ್ಚಿ ಕ್ಷಣದಲ್ಲಿ ಉಗುಳುತ್ತದೆ, ಆದ್ದರಿಂದ ಸುಳಿವು ಕಂಡೊಡನೆ ಎತ್ತಬೇಕು.

ಅತಿ ಹೆಚ್ಚು ಮೀನು ತಪ್ಪುವುದು ಹೊಳೆಯಲ್ಲಿ ಫ್ಲೈಯನ್ನು ಸೆಳವಿಗೆ ಅಡ್ಡಲಾಗಿ ಬೀಸಿ ಕೆಳಗೆ ತೂಗಲು ಬಿಟ್ಟಾಗ. ಮೀನು ನಿಮ್ಮ ನೇರ ಕೆಳಗಿದೆ, ತಲೆ ನಿಮ್ಮ ಕಡೆಗಿದೆ, ದಾರ ಬಿಗಿಯಾಗಿದೆ. ಆಗ ಎಳೆದರೆ ಕೊಕ್ಕೆ ಬಾಯಿಂದ ಮುಂದಕ್ಕೇ ಬರುತ್ತದೆ, ಹೆಚ್ಚೆಂದರೆ ತುಟಿಯ ತುದಿಗೆ ತಗಲುತ್ತದೆ. ರಾಡ್ ತುದಿಯನ್ನು ಸ್ವಲ್ಪ ಮೇಲಿಟ್ಟು, ರೀಲ್ ಮತ್ತು ಬೆರಳಿನ ನಡುವೆ 30–50 ಸೆಂ.ಮೀ. ದಾರವನ್ನು ಸಡಿಲ ಕುಣಿಕೆಯಾಗಿ ಬಿಟ್ಟಿರಿ. ಮೀನು ಎಳೆದಾಗ ಆ ಕುಣಿಕೆ ಹೋಗಲಿ. ಅದು ತಿರುಗಿದ ಮೇಲೆ ರಾಡನ್ನು ದಡದ ಕಡೆಗೆ ಮಗ್ಗುಲಾಗಿ ತಂದರೆ ಕೊಕ್ಕೆ ದವಡೆಯ ಮೂಲೆಗೆ ಹೋಗಿ ಕೂರುತ್ತದೆ.

ಸ್ಪೂನ್, ಸ್ಪಿನ್ನರ್‌ನಂಥ ಲೋಹದ ನಕಲಿ ಮೇವುಗಳಿಗೆ ಮೀನು ಹೊಡೆದಾಗ ಸುತ್ತುವುದನ್ನು ನಿಲ್ಲಿಸಬೇಡಿ. ಸುತ್ತುತ್ತಲೇ ರಾಡನ್ನು ಪಕ್ಕಕ್ಕೆ ಎಳೆಯಿರಿ. ಎರೆಹುಳುವಿನಂಥ ಜೀವಂತ ಮೇವಿನಲ್ಲಿ ತಡ ಮಾಡಿದರೆ ಕೊಕ್ಕೆ ಗಂಟಲಿಗಿಳಿಯುತ್ತದೆ. ಅದರಿಂದ ಮೀನು ಸಿಗಬಹುದು, ಆದರೆ ಬಿಟ್ಟರೆ ಬದುಕುವುದು ಕಷ್ಟ.

ಕೊಕ್ಕೆಯ ಚೂಪನ್ನು ಪರೀಕ್ಷಿಸುವುದು ಹೇಗೆ?

ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಟ್ಟು ಮೆಲ್ಲಗೆ ಎಳೆಯಿರಿ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ಸಣ್ಣ ಅರದಿಂದ ಮೊನೆಯ ಕಡೆಗೆ ಮೂರ್ನಾಲ್ಕು ಬಾರಿ ಉಜ್ಜಿದರೆ ಸಾಕಾಗುತ್ತದೆ. ತೀರ ಸಣ್ಣ ಕೊಕ್ಕೆಯಾದರೆ ಬದಲಾಯಿಸುವುದೇ ಮೇಲು. ತಳದ ಕಲ್ಲಿಗೆ ತಾಗಿದಾಗಲೆಲ್ಲ ಈ ಪರೀಕ್ಷೆ ಮಾಡಿ. ಹಿಂದಕ್ಕೆ ಬೀಸುವಾಗ ಫ್ಲೈ ದಡದ ಕಲ್ಲಿಗೆ ಬಡಿದು ಮೊನೆಯೇ ಮುರಿದುಹೋಗಿರುವುದುಂಟು, ಕಚ್ಚಿದ ಮೀನೆಲ್ಲ ಬಿಟ್ಟುಹೋಗುತ್ತಿದ್ದರೂ ಗೊತ್ತಾಗುವುದಿಲ್ಲ.

ದೊಡ್ಡ ಮೀನಿಗೆ ಎಷ್ಟು ದಪ್ಪದ ದಾರ ಬೇಕು?

ಮೀನಿನ ತೂಕದಷ್ಟೇ ಬಲದ ದಾರ ಬೇಕು ಎನ್ನುವುದು ತಪ್ಪು ಲೆಕ್ಕ. ನೀರಿನಲ್ಲಿ ಮೀನು ಹೆಚ್ಚುಕಡಿಮೆ ತೂಕವಿಲ್ಲದೆ ತೇಲುತ್ತದೆ, ನೀವು ಎದುರಿಸುವುದು ಅದರ ಈಜಿನ ಬಲವನ್ನು ಮತ್ತು ನೀರಿನ ಸೆಳವನ್ನು. 2 ಕಿಲೋ ಬಲದ ದಾರದಲ್ಲಿ 4 ಕಿಲೋ ಮೀನನ್ನು ತೆರೆದ ನೀರಿನಲ್ಲಿ ಆರಾಮವಾಗಿ ತರಬಹುದು. ಅದೇ ದಾರದಿಂದ 1 ಕಿಲೋ ಮೀನನ್ನು ಕಳೆ ಬೆಳೆದ ಜಾಗದಿಂದ ಹೊರಗೆಳೆಯಲು ಆಗದಿರಬಹುದು.

ಫ್ಲೈ ಟಿಪ್ಪೆಟ್‌ನ (ಲೀಡರಿನ ತುದಿಯಲ್ಲಿ, ಫ್ಲೈ ಕಟ್ಟುವ ತೆಳು ದಾರದ) ಮೇಲೆ ಬರೆದಿರುವ ಎಕ್ಸ್ ಸಂಖ್ಯೆ ದಪ್ಪವನ್ನು ಹೇಳುತ್ತದೆಯೇ ಹೊರತು ಬಲವನ್ನಲ್ಲ. 11ರಿಂದ ಆ ಸಂಖ್ಯೆಯನ್ನು ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ವ್ಯಾಸ ಸಿಗುತ್ತದೆ. ಅಂದರೆ 3 ಎಕ್ಸ್ ಸುಮಾರು 0.20 ಮಿ.ಮೀ., 4 ಎಕ್ಸ್ 0.18, 5 ಎಕ್ಸ್ 0.15, 6 ಎಕ್ಸ್ 0.13. ದೊಡ್ಡ ಟ್ರೌಟ್ ಇರುವ ನೀರಿನಲ್ಲಿ 6 ಎಕ್ಸ್ ಕಟ್ಟಿ ಹೆಚ್ಚು ಕಚ್ಚಿಸಿಕೊಳ್ಳುವುದಕ್ಕಿಂತ 4 ಎಕ್ಸ್ ಕಟ್ಟಿ ಕಚ್ಚಿದ್ದನ್ನು ದಡಕ್ಕೆ ತರುವುದು ನಮ್ಮ ಆಯ್ಕೆ. ಸ್ಟ್ರೀಮರ್‌ನಂಥ ದೊಡ್ಡ ಫ್ಲೈಗಳಿಗೆ 0.25 ಮಿ.ಮೀ. ತನಕ ಹೋದರೂ ಮೀನು ಹಿಂಜರಿಯುವುದು ಕಡಿಮೆ, ಏಕೆಂದರೆ ಅದು ಚಲಿಸುವ ಬೇಟೆಯನ್ನು ನೋಡುತ್ತಿರುತ್ತದೆ.

ನೈಲಾನ್ ನೀರು ಹೀರಿ ಸ್ವಲ್ಪ ದುರ್ಬಲವಾಗುತ್ತದೆ, ಬಿಸಿಲಿಗೂ ಹಾಳಾಗುತ್ತದೆ. ಕಳೆದ ವರ್ಷದ ಸುರುಳಿಯಿಂದ ಒಂದು ಮಾರು ಬಿಚ್ಚಿ, ಎರಡೂ ಕೈಗೆ ಸುತ್ತಿ ಎಳೆದು ನೋಡಿ. ಹೊಸದರ ಜೊತೆ ಹೋಲಿಸಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಉಜ್ಜುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಆದರೆ ಗಂಟಿನಲ್ಲಿ ಹೆಚ್ಚು ಎಚ್ಚರ ಕೇಳುತ್ತದೆ. ಹೆಣೆದ ದಾರ ಹಿಗ್ಗುವುದೇ ಇಲ್ಲ ಎನ್ನಬಹುದು. ಅದನ್ನು ಬಳಸಿದರೆ ಮುಂದೆ 2–3 ಮೀಟರ್ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್ ಕಟ್ಟಿ, ಮೆದು ತುದಿಯ ರಾಡ್ ಹಿಡಿಯಿರಿ. ಇಲ್ಲದಿದ್ದರೆ ಮೀನಿನ ಪ್ರತಿ ಒದರುವಿಕೆಯೂ ನೇರವಾಗಿ ಕೊಕ್ಕೆಗೆ ಬೀಳುತ್ತದೆ.

ಯಾವ ಗಂಟು ಒಳ್ಳೆಯದು?

ನೀವು ಕತ್ತಲಲ್ಲೂ, ಚಳಿಗೆ ಬೆರಳು ಮರಗಟ್ಟಿದಾಗಲೂ ತಪ್ಪಿಲ್ಲದೆ ಕಟ್ಟಬಲ್ಲ ಗಂಟು. ಇಂಪ್ರೂವ್ಡ್ ಕ್ಲಿಂಚ್ ಆದರೆ ತೆಳು ದಾರಕ್ಕೆ 5–6 ಸುತ್ತು, 0.25 ಮಿ.ಮೀ. ದಾಟಿದ ದಾರಕ್ಕೆ 4 ಸುತ್ತು. ಪಾಲೊಮಾರ್ ಹೆಣೆದ ದಾರಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡು ದಾರ ಸೇರಿಸಲು ಸರ್ಜನ್ ಗಂಟು ಸುಲಭ, ದಪ್ಪದ ವ್ಯತ್ಯಾಸ 0.05 ಮಿ.ಮೀ. ಒಳಗಿದ್ದರೆ ನಂಬಬಹುದು.

ಗಂಟಿನ ಹೆಸರಿಗಿಂತ ಅದನ್ನು ಬಿಗಿಯುವ ರೀತಿ ಮುಖ್ಯ. ಬಿಗಿಯುವ ಮುಂಚೆ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ. ಒಣಗಿದ ನೈಲಾನ್ ತನ್ನ ಮೇಲೆ ತಾನೇ ಉಜ್ಜಿಕೊಂಡು ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಜಗ್ಗದೆ, ಒಂದೇ ಸಮನೆ ನಿಧಾನವಾಗಿ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಸಾಲಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದ್ದರೆ ಬಿಚ್ಚಲು ಹೋಗಬೇಡಿ, ಕತ್ತರಿಸಿ ಹೊಸದಾಗಿ ಕಟ್ಟಿ. ತುದಿಯನ್ನು 1–2 ಮಿ.ಮೀ. ಬಿಟ್ಟು ಕತ್ತರಿಸಿ. ಕೊನೆಗೆ ಕೊಕ್ಕೆಯನ್ನು ಇಕ್ಕಳದಲ್ಲಿ ಹಿಡಿದು ಮೀನು ಎಳೆಯುವಷ್ಟೇ ಬಲವಾಗಿ ಒಮ್ಮೆ ಎಳೆದು ನೋಡಿ. ತುಂಡಾಗುವುದಿದ್ದರೆ ನಿಮ್ಮ ಕೈಯಲ್ಲೇ ಆಗಲಿ. ಒಂದು ದೊಡ್ಡ ಮೀನು ತಂದ ಮೇಲೆ ಆ ಗಂಟಿನ ಕೆಲಸ ಮುಗಿಯಿತು. ಅದು ನೋಡಲು ಚೆನ್ನಾಗಿಯೇ ಇದ್ದರೂ ಹೊಸದು ಕಟ್ಟಿ.

ಡ್ರ್ಯಾಗ್ ಎಷ್ಟು ಬಿಗಿ ಇರಬೇಕು?

ದಾರದ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ. ಬೆರಳಲ್ಲಿ ಎಳೆದು ಅಂದಾಜು ಮಾಡುವುದನ್ನು ಬಿಡಿ, ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆಯಿರಿ. ತಕ್ಕಡಿಯನ್ನು ಕಂಬಕ್ಕೆ ಕಟ್ಟಿ, ಉಂಗುರಗಳ ಮೂಲಕ ಬಂದ ದಾರವನ್ನು ಅದರ ಕೊಂಡಿಗೆ ಹಾಕಿ. ಮೀನು ಆಡಿಸುವಾಗ ಬಾಗುವಷ್ಟೇ ರಾಡನ್ನು ಬಾಗಿಸಿ ಹಿಂದಕ್ಕೆ ನಡೆಯಿರಿ. ರೀಲ್ ದಾರ ಬಿಡತೊಡಗಿದಾಗ ಮುಳ್ಳು ಎಲ್ಲಿದೆ ನೋಡಿ. 2 ಕಿಲೋ ದಾರಕ್ಕೆ 500ರಿಂದ 650 ಗ್ರಾಂ ಸರಿ. ರಾಡ್ ಬಾಗಿದಾಗ ಉಂಗುರಗಳ ಉಜ್ಜುವಿಕೆಯೂ ಸೇರುವುದರಿಂದ, ರೀಲಿನಿಂದ ನೇರ ಎಳೆದು ಅಳೆದರೆ ಲೆಕ್ಕ ಕಡಿಮೆ ಬರುತ್ತದೆ.

ಅಳೆಯುವಾಗ ಇನ್ನೊಂದನ್ನೂ ಗಮನಿಸಿ: ದಾರ ಹೊರಡುವ ಮೊದಲ ಕ್ಷಣದಲ್ಲಿ ಮುಳ್ಳು ಮೇಲಕ್ಕೆ ಹಾರಿ ಆಮೇಲೆ ಇಳಿದರೆ ಡ್ರ್ಯಾಗ್ ಅಂಟಿಕೊಳ್ಳುತ್ತಿದೆ. ಬಹಳಷ್ಟು ದಾರ ಆ ಮೊದಲ ಕ್ಷಣದಲ್ಲೇ ತುಂಡಾಗುತ್ತದೆ. ಬಿಗಿ ಮಾಡಿಟ್ಟ ಡ್ರ್ಯಾಗಿನ ತಟ್ಟೆಗಳು ಒತ್ತಿಕೊಂಡೇ ಉಳಿದು ಹೀಗಾಗುತ್ತವೆ, ಆದ್ದರಿಂದ ಮನೆಗೆ ಹೋದಾಗ ಸಡಿಲಿಸಿಡಿ.

ಮೀನು ದೂರ ಓಡಿದಾಗ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತದೆ. ಸ್ಪೂಲಿನ ಮೇಲಿನ ದಾರದ ಸುತ್ತಿನ ವ್ಯಾಸ 50 ಮಿ.ಮೀ.ನಿಂದ 40ಕ್ಕೆ ಇಳಿದರೆ 600 ಗ್ರಾಂ ಇದ್ದದ್ದು 750 ಗ್ರಾಂ ಆಗುತ್ತದೆ. ಜೊತೆಗೆ ಉದ್ದ ದಾರವನ್ನು ನೀರಿನಲ್ಲಿ ಎಳೆದುಕೊಂಡು ಹೋಗುವ ಭಾರವೂ ಇದೆ, ಅದು ಡ್ರ್ಯಾಗಿಗೆ ತಿಳಿಯುವುದೇ ಇಲ್ಲ. ಅದಕ್ಕೆ ಮೀನು ದೂರ ಹೋದಷ್ಟೂ ಬಿಗಿ ಮಾಡಬೇಕೆನ್ನಿಸುವ ಆಸೆಯನ್ನು ತಡೆದು, ಬದಲಿಗೆ ಅರ್ಧ ಸುತ್ತು ಸಡಿಲಿಸಿ.

ಮೊದಲ ಓಟದಲ್ಲಿ ಏನು ಮಾಡಬೇಕು?

ಬಿಟ್ಟುಬಿಡಿ. ಆ ಹೊತ್ತಿಗೆ ಮೀನಿನ ಬಲ ಪೂರ್ತಿ ಇದೆ, ತಡೆದರೆ ಏನಾದರೊಂದು ಹರಿಯುತ್ತದೆ. ಫ್ಲೈ ರಾಡ್ ಹಿಡಿದವರು ಕಾಲಬಳಿ ಬಿದ್ದ ಸಡಿಲ ದಾರವನ್ನು ಮೊದಲು ನೋಡಬೇಕು. ಅದು ಬೂಟಿಗೋ ರೀಲಿನ ಹಿಡಿಗೋ ಸುತ್ತಿಕೊಂಡಿದ್ದರೆ ಮುಂದೆ ನೋಡಲು ಏನೂ ಉಳಿಯುವುದಿಲ್ಲ. ಎಡಗೈಯ ಹೆಬ್ಬೆರಳು ತೋರುಬೆರಳಿನಿಂದ ಉಂಗುರ ಮಾಡಿ, ದಾರವನ್ನು ಅದರೊಳಗಿಂದ ಹಾಯಿಸಿ ಮೊದಲ ಉಂಗುರದ ಕಡೆಗೆ ಬಿಡಿ. ರೀಲಿನ ಮೇಲೆ ಬಂದ ಮೇಲೆ ಅಲ್ಲಿಂದಲೇ ಆಟ ನಡೆಯಲಿ.

ಸ್ಪಿನ್ನಿಂಗ್ ರೀಲ್ ಇದ್ದವರು, ಡ್ರ್ಯಾಗ್ ಜಾರುತ್ತಿರುವಾಗ ಹಿಡಿ ತಿರುಗಿಸಲೇಬೇಡಿ. ದಾರ ಒಳಬರುವುದಿಲ್ಲ, ಬದಲಿಗೆ ಹುರಿಗೊಳ್ಳುತ್ತದೆ. 5:1 ರೀಲಿನಲ್ಲಿ ಹಿಡಿಯ ಒಂದು ಸುತ್ತಿಗೆ ದಾರದಲ್ಲಿ ಐದು ತಿರುಚು ಬೀಳುತ್ತವೆ. ಮುಂದಿನ ಬೀಸಿಗೆ ದಾರ ಗೋಜಲಾದಾಗ ಅದು ಈ ಮೀನಿನ ಬಳುವಳಿ ಎಂದು ಯಾರಿಗೂ ನೆನಪಾಗುವುದಿಲ್ಲ.

ರಾಡನ್ನು ಎತ್ತಿ ಹಿಡಿಯಬೇಕೋ ಮಗ್ಗುಲಿಗೋ?

ಹೆಚ್ಚಿನ ಹೊತ್ತು ಮಗ್ಗುಲಿಗೆ, ತಗ್ಗಿಸಿ. ರಾಡನ್ನು ನೆಟ್ಟಗೆ ಎತ್ತಿದಾಗ ಬಾಗುವುದು ಮೆದುವಾದ ತುದಿ ಮಾತ್ರ. ನೋಡಲು ಭರ್ಜರಿ ಬಾಗು, ಮೀನಿಗೆ ಮುಟ್ಟುವ ಎಳೆತ ಅಲ್ಪ. ಆ ಸ್ಪ್ರಿಂಗ್ ತಕ್ಕಡಿಯನ್ನೇ ನೆಲದ ಮಟ್ಟದಲ್ಲಿ ಕಟ್ಟಿ, ಒಮ್ಮೆ ರಾಡ್ ನೆಟ್ಟಗಿಟ್ಟು, ಒಮ್ಮೆ ತಗ್ಗಿಸಿ ಬುಡದಿಂದ ಎಳೆದು ಎರಡೂ ಅಂಕಿ ನೋಡಿ. ತಮ್ಮ ಕೈ ಎಷ್ಟು ಕಡಿಮೆ ಎಳೆಯುತ್ತಿದೆ ಎಂದು ಹೆಚ್ಚಿನವರು ಬೆರಗಾಗುತ್ತಾರೆ.

ಮೀನು ತಲೆ ಇರುವ ಕಡೆಗೇ ಈಜುತ್ತದೆ. ಅದು ಬಲಕ್ಕೆ ಹೋದರೆ ರಾಡ್ ಎಡಕ್ಕೆ, ನೀರಿಗೆ ಸಮಾನಾಂತರವಾಗಿ. ಎಡಕ್ಕೆ ತಿರುಗಿದರೆ ರಾಡ್ ಬಲಕ್ಕೆ. ಹೀಗೆ ಎರಡು ಮೂರು ಬಾರಿ ತಲೆ ತಿರುಗಿಸಿದರೆ ಮೀನು ನೆಲೆ ತಪ್ಪುತ್ತದೆ. ಆದರೆ ಬದಲಿಸುವಾಗ ರಾಡನ್ನು ತಲೆಯ ಮೇಲಿಂದ ಝಾಡಿಸಬೇಡಿ, ಆ ಅರೆಕ್ಷಣದ ಸಡಿಲವೇ ಸಾಕು. ರೀಲ್ ಸುತ್ತಿಕೊಳ್ಳುತ್ತಲೇ ಸರಿಸಿ. ದಾರ ಮತ್ತು ರಾಡಿನ ಬುಡದ ನಡುವಿನ ಕೋನ 90 ಡಿಗ್ರಿ ದಾಟದಿರಲಿ.

ಎತ್ತಿ ಹಿಡಿಯಬೇಕಾದ ಸಂದರ್ಭವೂ ಇದೆ. ಹೊಳೆಯಲ್ಲಿ ನಿಮ್ಮ ಮತ್ತು ಮೀನಿನ ನಡುವೆ ರಭಸದ ಸೆಳವಿದ್ದರೆ, ಅಥವಾ ಬಂಡೆಗಳು ತಲೆ ಎತ್ತಿದ್ದರೆ, ದಾರ ಅವುಗಳ ಮೇಲಿಂದ ಹಾಯಲು ತೋಳು ಚಾಚಿ ರಾಡನ್ನು ಆದಷ್ಟೂ ಮೇಲೆ ಹಿಡಿಯಿರಿ.

ಮೀನು ನೀರಿನಿಂದ ಜಿಗಿದಾಗ?

ರಾಡ್ ತುದಿಯನ್ನು ತಕ್ಷಣ ಮೀನಿನ ಕಡೆಗೆ ತಗ್ಗಿಸಿ, ತೋಳು ಮುಂದೆ ಚಾಚಿ. ಗಾಳಿಯಲ್ಲಿ ಮೀನಿಗೆ ನೀರಿನ ಆಸರೆ ಇಲ್ಲ, ಅದರ ಪೂರ್ತಿ ತೂಕ ಬಿಗಿ ದಾರದ ಮೇಲೆ ಬೀಳುತ್ತದೆ. ತಲೆ ಒದರಿದಾಗ ಕೊಕ್ಕೆ ಸೀಳಿಕೊಂಡು ಬರುತ್ತದೆ. ಮತ್ತೆ ನೀರಿಗೆ ಬಿದ್ದೊಡನೆ ಬಿಗಿ ಮಾಡಿ. ರೇನ್‌ಬೋ ಟ್ರೌಟ್ ಹೆಚ್ಚು ಜಿಗಿಯುತ್ತದೆ, ಬ್ರೌನ್ ಹೆಚ್ಚಾಗಿ ತಳಕ್ಕೆ, ಬೇರಿನ ಸಂದಿಗೆ ನುಗ್ಗುತ್ತದೆ.

ಹೊಳೆಯಲ್ಲಿ ಮೀನು ಕೆಳಮುಖವಾಗಿ ಓಡಿದರೆ?

ನೀವೂ ಕೆಳಗೆ ಹೋಗಬೇಕು. ಮೀನು ಕೆಳಗೆ, ನೀವು ಮೇಲೆ ಎಂಬ ಸ್ಥಿತಿಯಲ್ಲಿ ಮೀನಿನ ಜೊತೆ ಇಡೀ ಹೊಳೆಯನ್ನು ಎಳೆಯುತ್ತಿರುತ್ತೀರಿ, ಕೊಕ್ಕೆಯೂ ಬಾಯಿಂದ ಹೊರಮುಖವಾಗಿ ಎಳೆಯಲ್ಪಡುತ್ತದೆ. ದಡಕ್ಕೆ ಹತ್ತಿ, ದಾರ ಸುತ್ತಿಕೊಳ್ಳುತ್ತಾ ನಡೆದು, ಅದರ ಮಟ್ಟಕ್ಕೋ ಸ್ವಲ್ಪ ಕೆಳಕ್ಕೋ ಬನ್ನಿ. ಆಗ ಅದು ನಿಮ್ಮನ್ನೂ ಸೆಳವನ್ನೂ ಎರಡನ್ನೂ ಎದುರಿಸಬೇಕಾಗುತ್ತದೆ. ತೊಡೆ ಮಟ್ಟ ದಾಟಿದ ಸೆಳವಿನಲ್ಲಿ, ತಳ ಕಾಣದ ಕಡೆ ಮೀನಿನ ಹಿಂದೆ ಓಡಬೇಡಿ. ಮೀನು ಹೋದರೆ ಹೋಗಲಿ.

ಹೋಗಲು ದಾರಿಯೇ ಇಲ್ಲದಿದ್ದರೆ ಕೊನೆಯ ಉಪಾಯ ಒಂದಿದೆ: ಹಲವು ಮೀಟರ್ ದಾರವನ್ನು ಒಮ್ಮೆಲೇ ಸಡಿಲ ಬಿಡುವುದು. ಆ ದಾರ ಸೆಳವಿನಲ್ಲಿ ಮೀನನ್ನು ದಾಟಿ ಕೆಳಗೆ ಹೋಗಿ ಬಿಲ್ಲಿನಂತೆ ಬಾಗುತ್ತದೆ. ಎಳೆತ ಈಗ ಕೆಳಗಿನಿಂದ ಬಂದಂತಾಗಿ ಮೀನು ಕೆಲವೊಮ್ಮೆ ಮೇಲ್ಮುಖವಾಗಿ ಈಜತೊಡಗುತ್ತದೆ. ಪ್ರತಿ ಸಲ ಆಗುತ್ತದೆಂದಲ್ಲ, ಆದರೆ ಹಿಡಿದು ನಿಂತು ದಾರ ಹರಿದುಕೊಳ್ಳುವುದಕ್ಕಿಂತ ಮೇಲು.

ಕಳೆಯೊಳಗೆ ಹೊಕ್ಕು ಅಲುಗಾಡುತ್ತಿಲ್ಲ. ಈಗ?

ಜಗ್ಗಬೇಡಿ. ಮೊದಲು ಅದು ಹೊಕ್ಕ ದಿಕ್ಕಿಗೆ ನೇರ ಹಿಂದೆ ಬರುವಂತೆ ನಿಂತ ಜಾಗ ಬದಲಿಸಿ, ಏಕೆಂದರೆ ಹೋದ ದಾರಿಯಲ್ಲೇ ಹೊರಬರುವುದು ಸುಲಭ. ರಾಡನ್ನು ದಾರದ ನೇರಕ್ಕೆ ತಗ್ಗಿಸಿ, ದಾರವನ್ನು ಕೈಯಲ್ಲಿ ಹಿಡಿದು ಒಂದೇ ಸಮನೆ ಎಳೆತ ಕೊಡಿ. ಕಳೆ ಕಾಂಡ ಕಾಂಡವಾಗಿ ಕಿತ್ತು ಬರುವುದು ಕೈಗೆ ತಿಳಿಯುತ್ತದೆ. ಬರದಿದ್ದರೆ ದಾರ ಪೂರ್ತಿ ಸಡಿಲ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಎಳೆತ ನಿಂತಾಗ ಮೀನು ಎಷ್ಟೋ ಬಾರಿ ತಾನಾಗಿಯೇ ಹೊರಗೆ ಈಜುತ್ತದೆ, ದಾರ ಸರಿಯುವುದು ಕಾಣುತ್ತದೆ. ಕಳೆಯ ಮುದ್ದೆ ಮೀನಿನ ತಲೆಗೆ ಸುತ್ತಿ ಕಣ್ಣು ಮುಚ್ಚಿದ್ದರೆ ಅದು ಸುಮ್ಮನೆ ಬರುತ್ತದೆ, ಮುದ್ದೆಸಮೇತ ಬಲೆಗೆ ಹಾಕಿ.

ಇಷ್ಟಕ್ಕೆ ಬರುವ ಮೊದಲೇ ಮಾಡಬೇಕಾದ್ದು ಒಂದಿತ್ತು. ಬೀಸುವ ಮುಂಚೆ ಈ ಮೀನು ಎತ್ತ ಓಡಬಹುದು, ಎಲ್ಲಿ ಬಲೆಗೆ ತರಬಹುದು ಎಂದು ಕಣ್ಣಲ್ಲೇ ಗುರುತು ಹಾಕಿಕೊಳ್ಳಬೇಕು. ಉತ್ತರವೇ ಸಿಗದ ಜಾಗದಲ್ಲಿ ಬೀಸದಿರುವುದು ಒಳ್ಳೆಯದು.

ಸರೋವರದಲ್ಲಿ, ದೋಣಿಯಿಂದ ಹಿಡಿಯುವಾಗ ಬೇರೆ ಎಚ್ಚರಿಕೆ ಏನಾದರೂ?

ದೋಣಿಯೇ ದೊಡ್ಡ ಅಡ್ಡಿ. ಲಂಗರಿನ ಹಗ್ಗ, ಮೋಟಾರಿನ ರೆಕ್ಕೆ, ತೆಪ್ಪನೆ ಬಿಟ್ಟ ಇನ್ನೊಂದು ಗಾಳ, ಎಲ್ಲವೂ ಮೀನಿಗೆ ನೆರವಾಗುತ್ತವೆ. ದೊಡ್ಡ ಮೀನು ಎಂದು ಗೊತ್ತಾದ ಕೂಡಲೇ ಜೊತೆಯಲ್ಲಿದ್ದವರು ತಮ್ಮ ದಾರ ಸುತ್ತಿ, ಲಂಗರು ಎತ್ತಲಿ. ಮೀನು ದೋಣಿಯಡಿಗೆ ಹೋದರೆ ಎಳೆಯಬೇಡಿ. ರಾಡಿನ ತುದಿಯನ್ನು ನೀರಿನೊಳಗೆ ಆಳವಾಗಿ ತೂರಿಸಿ, ದಾರ ಬಿಡುತ್ತಾ, ದೋಣಿಯ ಮೂತಿಯನ್ನೋ ಹಿಂಬದಿಯನ್ನೋ ಸುತ್ತಿ ಆಚೆ ಬದಿಗೆ ಬನ್ನಿ. ಅಂಚಿಗೆ ರಾಡ್ ಒರಗಿಸಿದರೆ ಅಲ್ಲೇ ಮುರಿಯುತ್ತದೆ.

ಟ್ರೋಲಿಂಗ್ ಮಾಡುವಾಗ, ಅಂದರೆ ಸಾಗುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುವಾಗ, ಮೀನು ಹೊಡೆದೊಡನೆ ದೋಣಿ ನಿಲ್ಲಿಸಿದರೆ ದಾರ ಸಡಿಲಾಗುತ್ತದೆ. ರಾಡ್ ಕೈಗೆ ಬಂದ ಮೇಲೆ ನಿಧಾನವಾಗಿ ವೇಗ ಇಳಿಸಿ. ಸರೋವರದ ಮೀನು ನಿಮ್ಮ ಕಡೆಗೇ ಓಡಿಬರುವುದೂ ಉಂಟು. ದಾರ ಸತ್ತಂತಾದಾಗ ಮೀನು ಹೋಯಿತೆಂದು ಕೈಬಿಡುವವರು ಬಹಳ. ಇನ್ನೂ ಇದೆ ಎಂದುಕೊಂಡು ಹತ್ತು ಸುತ್ತು ಜೋರಾಗಿ ಸುತ್ತಿ ನೋಡಿ, ಫ್ಲೈ ರಾಡಿನಲ್ಲಾದರೆ ಕೈಯಿಂದ ಉದ್ದುದ್ದ ಎಳೆಯಿರಿ.

ಮೂರು ಮೊನೆಯ ಟ್ರೆಬಲ್ ಕೊಕ್ಕೆಯಲ್ಲಿ ಮೀನು ಕಡಿಮೆ ತಪ್ಪುತ್ತದೆಯೇ?

ಹೆಚ್ಚು ಮೀನು ತಗಲುತ್ತದೆ, ಆದರೆ ತಗಲಿದ್ದೆಲ್ಲ ಉಳಿಯುವುದಿಲ್ಲ. ಒಂದು ಮೊನೆ ಒಳಗೆ, ಇನ್ನೊಂದು ಹೊರಗೆ ಚುಚ್ಚಿದಾಗ ಒಂದಕ್ಕೊಂದು ಮೀಟುಗೋಲಾಗಿ ಕಿತ್ತುಕೊಳ್ಳುತ್ತವೆ. ಉದ್ದನೆಯ ಭಾರದ ಲೂರ್ (ನಕಲಿ ಮೇವು) ಇದ್ದರೆ ತಲೆ ಒದರಿದಾಗ ಅದರ ತೂಕವೇ ಕೊಕ್ಕೆಯನ್ನು ಅಲ್ಲಾಡಿಸಿ ಬಿಡಿಸುತ್ತದೆ. ಅಗಲ ಬಾಗಿನ ಒಂಟಿ ಕೊಕ್ಕೆ ಆಳವಾಗಿ ಕೂರುತ್ತದೆ, ಬಿಡಿಸುವುದೂ ಸುಲಭ.

ಬಾರ್ಬ್ ಅಂದರೆ ಮೊನೆಯ ಹಿಂದಿನ ಎದುರುಮುಳ್ಳು ಇಲ್ಲದ ಕೊಕ್ಕೆಗೆ ಅನೇಕರು ಅಂಜುತ್ತಾರೆ. ದಾರ ಬಿಗಿಯಾಗಿರುವ ತನಕ ಅದರಿಂದ ನಷ್ಟ ತೀರ ಕಡಿಮೆ. ಚುಚ್ಚಲು ಕಡಿಮೆ ಬಲ ಸಾಕಾಗುವುದರಿಂದ ಬಾಗಿನ ತನಕ ಇಳಿಯುತ್ತದೆ. ಕೆಲವು ನೀರುಗಳಲ್ಲಿ ಅದು ಕಡ್ಡಾಯವೂ ಹೌದು. ಇಕ್ಕಳದಿಂದ ಮುಳ್ಳನ್ನು ಅದುಮಿದರಾಯಿತು.

ಬಲೆಯ ಹತ್ತಿರ ಬಂದು ತಪ್ಪುವುದೇ ಹೆಚ್ಚು. ಅಲ್ಲಿ ತಪ್ಪು ಏನು?

ಕೊನೆಯ ಎರಡು ಮೀಟರಿನಲ್ಲಿ ಎಲ್ಲವೂ ನಿಮಗೆ ವಿರುದ್ಧವಾಗಿದೆ. ದಾರ ಗಿಡ್ಡವಾಗಿದೆ, ಹಿಗ್ಗಲು ಜಾಗವಿಲ್ಲ. ಕೊಕ್ಕೆಯ ತೂತು ಸಡಿಲವಾಗಿದೆ. ಮೀನು ನಿಮ್ಮನ್ನೂ ಬಲೆಯನ್ನೂ ಕಂಡು ಉಳಿದ ಬಲವನ್ನೆಲ್ಲ ಒಂದೇ ಓಟಕ್ಕೆ ಹಾಕುತ್ತದೆ. ಹತ್ತಿರ ಬಂದಾಗ ಡ್ರ್ಯಾಗನ್ನು ಸ್ವಲ್ಪ ಸಡಿಲಿಸಿ, ಆ ಓಟಕ್ಕೆ ಸಿದ್ಧರಾಗಿರಿ.

ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿ ಅಲುಗಾಡಿಸದೆ ಹಿಡಿಯಿರಿ. ಮೀನು ಇನ್ನೂ ತಲೆ ಕೆಳಗೆ ಮಾಡಿ ಈಜುತ್ತಿದ್ದರೆ ಬಲೆ ಚಾಚುವ ಹೊತ್ತು ಬಂದಿಲ್ಲ. ಅದು ಮಗ್ಗುಲಿಗೆ ವಾಲಿ, ಬಿಳಿ ಹೊಟ್ಟೆ ಕಂಡು, ಮೂತಿ ನೀರಿನ ಮಟ್ಟಕ್ಕೆ ಬಂದಾಗ ರಾಡನ್ನು ಮೇಲಕ್ಕೂ ಹಿಂದಕ್ಕೂ ತಂದು ತಲೆಯನ್ನು ನೀರಿನ ಮೇಲೆಯೇ ಇಟ್ಟು ಜಾರಿಸುತ್ತಾ ಬನ್ನಿ. ತಲೆ ಬಲೆಯ ಅಂಚು ದಾಟಿದ ಮೇಲೆ ರಾಡ್ ಸಡಿಲಿಸಿ ಬಲೆ ಎತ್ತಿ. ಮೀನು ತನ್ನ ಭಾರಕ್ಕೇ ಒಳಕ್ಕೆ ಬೀಳುತ್ತದೆ. ಬಾಲದ ಕಡೆಯಿಂದ ಬಲೆ ತಾಗಿಸಿದರೆ ಅದು ಮುಂದಕ್ಕೆ ಚಿಮ್ಮುತ್ತದೆ. ಬಲೆಯಿಂದ ಮೀನನ್ನು ಬಾಚಲು ಹೋದವರು ಬಲೆಯ ಕಟ್ಟಿನಿಂದ ದಾರಕ್ಕೇ ಹೊಡೆಯುತ್ತಾರೆ, ಅಥವಾ ಹೊರಗಿರುವ ಮೊನೆ ಬಲೆಯ ಕಣ್ಣಿಗೆ ಸಿಕ್ಕಿ, ಮೀನು ಅದನ್ನೇ ಆಸರೆ ಮಾಡಿಕೊಂಡು ಕಿತ್ತುಕೊಳ್ಳುತ್ತದೆ. ಹೊಳೆಯಲ್ಲಿ ಬಲೆ ಹಿಡಿದವರು ಮೀನಿಗಿಂತ ಸ್ವಲ್ಪ ಕೆಳಗೆ ನಿಂತರೆ ಸೆಳವೇ ಮೀನನ್ನು ಒಳಕ್ಕೆ ತಳ್ಳುತ್ತದೆ.

60 ಸೆಂ.ಮೀ. ಮೀನಿಗೆ 35 ಸೆಂ.ಮೀ. ಬಾಯಿಯ ಬಲೆ ಸಾಲದು. ಅಗಲ ಬಾಯಿ, ಆಳ ಚೀಲ, ಗಂಟಿಲ್ಲದ ರಬ್ಬರ್ ಜಾಲ ಇರುವುದನ್ನು ಕೊಳ್ಳಿ. ರಬ್ಬರಿಗೆ ಕೊಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ, ಮೀನಿನ ಲೋಳೆಯೂ ಉಳಿಯುತ್ತದೆ.

ಒಬ್ಬರೇ ಇದ್ದರೆ ಬಲೆಗೆ ಹಾಕುವುದು ಹೇಗೆ?

ದಾರವನ್ನು ರಾಡಿನ ಉದ್ದಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಸಿ. ಲೀಡರಿನ ಗಂಟು ತುದಿಯ ಉಂಗುರದೊಳಗೆ ಹೋಗುವಷ್ಟು ಸುತ್ತಿದರೆ ಕೊನೆಯ ಓಟದಲ್ಲಿ ಅದು ಅಲ್ಲೇ ಸಿಕ್ಕಿ ದಾರ ಹರಿಯುತ್ತದೆ. ರಾಡ್ ಹಿಡಿದ ಕೈಯನ್ನು ಹಿಂದಕ್ಕೆ ಪೂರ್ತಿ ಚಾಚಿ, ಬಲೆಯ ಕೈಯನ್ನು ಮುಂದೆ ಚಾಚಿ. ರಾಡನ್ನು ನೆಟ್ಟಗೆ ತಲೆಯ ಹಿಂದಕ್ಕೆ ಬಾಗಿಸಬೇಡಿ, ಆಗ ತುದಿ ಒಡೆಯುತ್ತದೆ.

ಮೀನು ಪೂರ್ತಿ ದಣಿಯುವ ತನಕ ಆಡಿಸುವುದು ಸುರಕ್ಷಿತವಲ್ಲವೇ?

ಇಲ್ಲ. ಕೊಕ್ಕೆ ಸಡಿಲಾಗುವುದು ಒಂದು, ಮೀನು ಸಾಯುವುದು ಇನ್ನೊಂದು. ದೀರ್ಘ ಹೋರಾಟದಲ್ಲಿ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಈಜಿಕೊಂಡು ಹೋದಂತೆ ಕಂಡ ಮೀನೂ ಆಮೇಲೆ ಸಾಯಬಹುದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಥರ್ಮಾಮೀಟರ್ ಜೊತೆಗಿಡಿ, ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ ದಿನಕ್ಕೆ ಗಾಳ ಸುತ್ತಿ. ಬಿಡುವ ಮೀನನ್ನು ಬಲೆಯಲ್ಲೇ, ನೀರಿನೊಳಗೇ ಇಟ್ಟು ಕೊಕ್ಕೆ ಬಿಡಿಸಿ. ಕೈ ಒದ್ದೆಯಾಗಿರಲಿ. ಚಿತ್ರಕ್ಕಾಗಿ ಎತ್ತುವುದಿದ್ದರೆ ಕೆಲವೇ ಸೆಕೆಂಡು. ಆಮೇಲೆ ತಲೆ ಸೆಳವಿಗೆದುರಾಗಿ ಹಿಡಿದು, ತಾನಾಗಿ ಒದ್ದು ಹೋಗುವ ತನಕ ಕಾಯಿರಿ.

ದಾರ ತುಂಡಾಗಿ ಕೊಕ್ಕೆ ಬಾಯಲ್ಲೇ ಉಳಿದರೆ ಮೀನಿಗೆ ಏನಾಗುತ್ತದೆ?

ದವಡೆಯಲ್ಲಿ ಕೂತ ಒಂಟಿ ಕೊಕ್ಕೆಯನ್ನು, ಅದರಲ್ಲೂ ಬಾರ್ಬ್ ಇಲ್ಲದ್ದನ್ನು, ಮೀನು ಹೆಚ್ಚಾಗಿ ಕಾಲಕ್ರಮದಲ್ಲಿ ಉದುರಿಸಿಕೊಳ್ಳುತ್ತದೆ. ಗಂಟಲಿಗಿಳಿದ ಕೊಕ್ಕೆಯನ್ನು ಕೀಳಲು ಹೋದರೆ ಕಿವಿರು ಹರಿದು ಮೀನು ಸಾಯುತ್ತದೆ, ಅಂಥಲ್ಲಿ ದಾರವನ್ನು ಆದಷ್ಟು ಒಳಗೆ ಕತ್ತರಿಸಿ ಬಿಡುವುದೇ ಅದು ಬದುಕುವ ದಾರಿ. ಹೆಚ್ಚು ಅಪಾಯಕಾರಿಯಾದ್ದು ಕೊಕ್ಕೆಯ ಜೊತೆ ಹಲವು ಮೀಟರ್ ದಾರ ಉಳಿಯುವುದು. ಅದು ಮುಳುಗಿದ ಕೊಂಬೆಗೆ ಸುತ್ತಿಕೊಂಡರೆ ಮೀನು ಅಲ್ಲೇ ಕಟ್ಟಿಹಾಕಿದಂತಾಗುತ್ತದೆ. ಇದನ್ನು ತಪ್ಪಿಸುವುದು ಕಟ್ಟುವಾಗಲೇ ಸಾಧ್ಯ. ಮುಖ್ಯ ದಾರ ಎಲ್ಲಕ್ಕಿಂತ ಗಟ್ಟಿ, ಲೀಡರ್ ಅದಕ್ಕಿಂತ ಒಂದು ಹಂತ ಕಡಿಮೆ, ಕೊಕ್ಕೆಯ ಗಂಟಿಗೆ ಹತ್ತಿರದ 50–60 ಸೆಂ.ಮೀ. ಎಲ್ಲಕ್ಕಿಂತ ತೆಳು ಇರುವಂತೆ ಜೋಡಿಸಿ. ತುಂಡಾಗಲೇಬೇಕಾಗಿ ಬಂದರೆ ಮೀನಿನ ಬಾಯಲ್ಲಿ ಉಳಿಯುವುದು ಹೆಚ್ಚೆಂದರೆ ಆ ತೆಳು ತುಂಡು ಮಾತ್ರ.